ಮುರಿಯದ ಎಫ್‌ಡಿ

ಜನವರಿ ಹದಿನೇಳು, ಶನಿವಾರ. ಬೆಳಿಗ್ಗೆಯಿಂದ ಫ್ರೀಜಿಂಗ್ ರೇನ್, ಬಿದ್ದಲ್ಲೇ ಮಂಜುಗಡ್ಡೆಯಾಗುವ ಮಳೆ. ಡ್ರೈವ್‌ವೇ ಮೇಲೆ ಕಾಲಿಡುವಂತಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವವನನ್ನು ಜನ ಬಡ್ಡಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಅವನಿಗೆ ಗೊತ್ತಿಲ್ಲ ಎಂಬುದನ್ನು ಮಾತ್ರ ಯಾರೂ ನಂಬುವುದಿಲ್ಲ.

೧. ಗುಟ್ಟು

ಇಲ್ಲಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಹಿರಿಯರೊಬ್ಬರು ದೋಸೆ ತಟ್ಟೆ ಹಿಡಿದು ಎದುರು ಕೂತರು.

"ಬ್ಯಾಂಕಲ್ಲಿದೀರಂತೆ. ಸೇವಿಂಗ್ಸ್‌ಗೆ ಈಗ ಎಲ್ಲಿ ಒಳ್ಳೆ ರೇಟ್ ಇದೆ?"

"ಸ್ಟೇಟ್‌ಮೆಂಟ್ ಪ್ರಿಂಟ್ ಆಗೋ ಸಾಫ್ಟ್‌ವೇರ್ ನೋಡ್ಕೊಳ್ಳೋನು ಸರ್ ನಾನು. ರೇಟ್ ಗೊತ್ತಿಲ್ಲ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಅರ್ಥ ಆಯ್ತು ಬಿಡಿ. ಇಲ್ಲಿ ಹೇಳಕ್ಕಾಗಲ್ಲ."

ನನ್ನ ಕಾಫಿಯ ದುಡ್ಡನ್ನೂ ಅವರೇ ಕೊಟ್ಟರು.

೨. ಡರ್ಟ್

ಡಬ್ಲಿನ್‌ನಲ್ಲಿರುವ ತಂಗಿಯ ನಂಬಿಕೆಯೂ ಅದೇ. ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರುವವನಿದ್ದ. ಬೇಗ ಸ್ವಂತದ್ದೊಂದನ್ನು ಕೊಳ್ಳಬೇಕಿತ್ತು. ಅದಕ್ಕೆಂದು ಕೂಡಿಟ್ಟ ದುಡ್ಡು ಬಡ್ಡಿಯಿಲ್ಲದೆ ಕರೆಂಟ್ ಅಕೌಂಟಿನಲ್ಲಿ ಮಲಗಿತ್ತು.

"ಬೇಕಾದಾಗ ತೆಗೆಯೋ ಹಾಗಿರೋ ಅಕೌಂಟ್ ನೋಡು," ಎಂದೆ. "ಡೆಪಾಸಿಟ್ ಗ್ಯಾರಂಟಿ ಇರ್ಲಿ. ರೇಟ್ ಸ್ವಲ್ಪ ಕಮ್ಮಿಯಾದ್ರೂ ಚಿಂತೆಯಿಲ್ಲ."

"ಬಡ್ಡಿ ಬಂದ್ರೂ ಡರ್ಟ್ ಇದೆಯಲ್ಲಣ್ಣ." ಅಲ್ಲಿ ಠೇವಣಿ ಬಡ್ಡಿಯ ಮೇಲಿನ ತೆರಿಗೆಯ ಹೆಸರೇ ಅದು.

ಫೋನು ಸ್ಪೀಕರಿನಲ್ಲಿತ್ತು. ಒಲೆಯ ಮುಂದಿದ್ದ ನನ್ನ ಹೆಂಡತಿ, "ವಿನೆಗರ್ ಹಾಕಿ ನೆನೆಸಿಡೇ," ಎಂದಳು.

"ಹೋಗಲ್ಲ ಅತ್ತಿಗೆ, ಇದು ಸರ್ಕಾರದ ಡರ್ಟ್."

"ಹಾಗಾದ್ರೆ ಎರಡು ಸಲ ನೆನೆಸು."

೩. ಮುರಿಸುವುದು

ತಂಗಿಯ ಗಂಡನಿಗೆ ನನ್ನ ಸಲಹೆ ಸಪ್ಪೆಯೆನಿಸಿತು. ಬಡ್ಡಿ ಹೆಚ್ಚೆಂದು ವರ್ಷಕ್ಕೆ ಫಿಕ್ಸೆಡ್ ಇಟ್ಟುಬಿಟ್ಟ. "ಬೇಕಾದ್ರೆ ಎಫ್‌ಡಿ ಮುರಿಸಿದ್ರಾಯ್ತಲ್ಲ ಭಾವ!" ಮೈಸೂರಿನಲ್ಲಾದರೆ ಹಾಗೇ. ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟರೆ ಮುರಿದುಕೊಡುತ್ತಾರೆ.

ವರ್ಷ ತುಂಬುವ ಮೊದಲೇ ಮನೆ ಸಿಕ್ಕಿತು. ಮುಂಗಡ ಕಟ್ಟದಿದ್ದರೆ ಅದು ಇನ್ನೊಬ್ಬರ ಪಾಲು. ಇವನು ಬ್ಯಾಂಕಿಗೆ ಫೋನ್ ಮಾಡಿ, "ಐ ವಾಂಟ್ ಟು ಬ್ರೇಕ್ ಮೈ ಡೆಪಾಸಿಟ್," ಎಂದನಂತೆ.

ಅಲ್ಲಿನ ಹುಡುಗಿ ಗಾಬರಿಯಾಗಿ, ಅದಕ್ಕೇನಾಗಿದೆ ಎಂದು ಕೇಳಿದಳು.

ಏನೂ ಆಗಿಲ್ಲ, ಮುರಿಯಬೇಕು ಅಷ್ಟೇ ಎಂದ ಇವನು.

ಅವಳು ಕರೆಯನ್ನು ಟೆಕ್ನಿಕಲ್ ಸಪೋರ್ಟಿಗೆ ದಾಟಿಸಿದಳು. ಅವಧಿಗೆ ಮುಂಚೆ ಒಂದು ಸೆಂಟೂ ಕದಲದು ಎಂದು ತಿಳಿಯಲು ಅರ್ಧ ದಿನ ಹಿಡಿಯಿತು. ಅಷ್ಟರಲ್ಲಿ ಅವರು ಅವನ ಪಾಸ್‌ವರ್ಡನ್ನು ಮೂರು ಸಲ ಬದಲಿಸಿಕೊಟ್ಟಿದ್ದರು.

೪. ಬಡ್ಡಿ

ಮುಂಗಡವನ್ನು ನಾವು ಇಲ್ಲಿಂದ ಡಾಲರಿನಲ್ಲಿ ಕಳಿಸಿದೆವು. ತಂಗಿ ಹೊಸ ಮನೆಯಲ್ಲಿ ಹಾಲುಕ್ಕಿಸಿದಳು. ಈಗ ಅವರ ಎಫ್‌ಡಿಯ ಅವಧಿ ಮುಗಿದು, ನಮ್ಮ ದುಡ್ಡು ಈ ವಾರ ವಾಪಸ್ ಬಂತು. ಮಳೆ ನೋಡುತ್ತ ಕೂತಿದ್ದಾಗ ಹೆಂಡತಿ ಕೇಳಿದಳು.

"ಅವರಿಗೆ ಬಡ್ಡಿ ಎಷ್ಟು ಸಿಕ್ತಂತೆ?"

"ಕೈಗೆ ಬಂದಿದ್ದು ಸುಮಾರು ನಾನೂರು ಯೂರೋ. ಭಾರಿ ಖುಷಿಯಲ್ಲಿದಾನೆ. 'ನೋಡಿದ್ರಾ ಭಾವ, ನನ್ನ ರೇಟು!' ಅಂದ."

"ನಮ್ಮ ಡಾಲರ್ ಯೂರೋ ಆಗಿ, ಮತ್ತೆ ಡಾಲರ್ ಆಗೋಷ್ಟರಲ್ಲಿ ಎಷ್ಟು ಕರಗಿತು?"

ಫೋನು ತೆಗೆದು ಲೆಕ್ಕ ಹಾಕಿದೆ.

"ಹೆಚ್ಚುಕಮ್ಮಿ ಅಷ್ಟೇ."

"ಸರಿ," ಎಂದಳು. "ಅವರಿಗೆ ಅಷ್ಟು ಒಳ್ಳೆ ರೇಟ್ ಕೊಟ್ಟಿದ್ದು ನಾವೇ ಅನ್ನಿ."