ಅತ್ತೆಯ ಬೆನ್ನಿಗೆ ಖೋ

ಹೆಂಗಸರು ಆಟಕ್ಕೆ ಇಳಿದರೆ ಮೈದಾನದಲ್ಲಿ ಬರೀ ಆಟ ನಡೆಯುವುದಿಲ್ಲ, ಊರಿನ ಅರ್ಧ ಸಂಸಾರವೂ ಅಲ್ಲೇ ನಡೆದುಹೋಗುತ್ತದೆ. ಅಜ್ಜಂಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದಷ್ಟು ವರ್ಷವೂ ಕೊರಳಿಗೆ ಸೀಟಿ ನೇತುಹಾಕಿಕೊಂಡು ನಾನು ಇದನ್ನೇ ನೋಡಿದ್ದು. ನಗು ತಡೆಯಲಾರದೆ ಸೀಟಿ ಊದುವುದಕ್ಕೇ ಆಗದೆ ನಿಂತದ್ದೂ ಉಂಟು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಡೂರಿನವಳು, ಬಾಯಿ ಜೋರು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟು ನೋಡುವುದಕ್ಕೆಂದೇ ಬೀದಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಬಂದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಹಪ್ಪಳದ ಜಾಗ

ಊರಲ್ಲೊಂದು ಮಹಿಳಾ ಸಮಾಜವಿತ್ತು. ಸಂಜೆ ಸೇರಿ ಹಾಡು, ಹೊಲಿಗೆ, ಒಂದಿಷ್ಟು ಹರಟೆ. ಒಂದು ದಿನ ಅವರನ್ನೆಲ್ಲ ಶಾಲೆಯ ಅಂಗಳಕ್ಕೆ ಎಳೆದುಕೊಂಡು ಹೋಗಿ ಖೋ ಖೋ ಆಡಿಸಿದೆ. ತಗೊಳ್ಳಿ, ಹುಚ್ಚು ಹಿಡಿಯಿತು! ಮಾರನೆಯ ದಿನ ಹೊಲಿಗೆಯ ಡಬ್ಬಿ ಮುಟ್ಟಿದವರೇ ಇಲ್ಲ. ಆದರೆ ಅಂಗಳ ತೀರಾ ಚಿಕ್ಕದು, ಓಡಲು ಶುರು ಮಾಡುವಷ್ಟರಲ್ಲಿ ಗೋಡೆ ಸಿಗುತ್ತಿತ್ತು. ಇದ್ದ ಒಂದೇ ಮೈದಾನದಲ್ಲಿ ಪ್ರತಿ ಸಂಜೆ ಗಂಡಸರ ವಾಲಿಬಾಲ್. ಸರಿ, ನಾಲ್ಕೈದು ಜನ ಸೇರಿ ಪಂಚಾಯ್ತಿ ಚೇರ್ಮನ್ನರ ಹತ್ತಿರ ಹೋದೆವು.

"ಮೈದಾನ ಯಾಕ್ರಮ್ಮ ನಿಮ್ಗೆ? ಹಪ್ಪಳ ಒಣಗ್ಸಕ್ಕಾದ್ರೆ ಬೆಳಿಗ್ಗೆ ಹೊತ್ತು ಬನ್ನಿ, ಬ್ಯಾಡ ಅನ್ನಲ್ಲ" ಅಂದರು.

"ಹಪ್ಪಳಕ್ಕಲ್ಲ, ಖೋ ಖೋ ಆಡೋಕೆ" ಅಂದೆ.

ಅವರು ಕುರ್ಚಿಗೆ ಒರಗಿ ನಕ್ಕರು. "ತರೀಕೆರೇಲಿ ಹೆಂಗಸ್ರ ಪಂದ್ಯ ಐತಂತೆ. ಹೋಗಿ ಗೆದ್ದು ಬನ್ನಿ, ವಾರಕ್ಕೆ ಮೂರು ಸಂಜೆ ಮೈದಾನ ನಿಮ್ದೇ. ಸೋತ್ರೆ ಮಾತ್ರ ಇನ್ನೊಂದ್ಸಲ ಮೈದಾನದ ಮಾತು ಎತ್ತಂಗಿಲ್ಲ."

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ, ತಲೆ ತುಂಬ ಸೆರಗು ಹೊದ್ದು ಅದುವರೆಗೂ ಉಸಿರೆತ್ತದೆ ನಿಂತಿದ್ದ ಒಬ್ಬ ಸೊಸೆ, "ಆಗ್ಲಿ ಗೌಡ್ರೆ, ಗೆದ್ದೇ ಬತ್ತೀವಿ" ಅಂದುಬಿಟ್ಟಳು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುವವಳೂ ಅವಳೇ. ಆ ಕ್ಷಣವೇ ನಾನು ಮನಸ್ಸಿನಲ್ಲಿ ಅವಳನ್ನು ಕ್ಯಾಪ್ಟನ್ ಮಾಡಿಬಿಟ್ಟೆ.

ನಾವು ಮೆಟ್ಟಿಲಿಳಿಯುತ್ತಿದ್ದಾಗ ಚೇರ್ಮನ್ನರು ಗುಮಾಸ್ತನಿಗೆ ಹೇಳಿದ್ದು ಕಿವಿಗೆ ಬಿತ್ತು: "ಹಪ್ಪಳಕ್ಕೆ ಒಂದು ಮೂಲೆ ಬಿಟ್ಟಿರಪ್ಪ, ಪಾಪ, ಹೆಂಗಿದ್ರೂ ಬತ್ತಾರೆ."

ಒಂಬತ್ತನೆಯವರು

ಖೋ ಖೋಗೆ ಒಂಬತ್ತು ಜನ ಬೇಕು. ನಮ್ಮಲ್ಲಿ ಒಬ್ಬರು ಕಡಿಮೆ. ಇದರ ಮೇಲೆ ಕ್ಯಾಪ್ಟನ್ ಸೊಸೆ ಮುಖ ಸಣ್ಣಗೆ ಮಾಡಿಕೊಂಡು ಬಂದಳು. "ನಮ್ಮತ್ತೆ ತರೀಕೆರೆಗೆ ಕಳ್ಸಲ್ಲ ಅಂದ್ರು ಟೀಚರಮ್ಮ." ಅವಳ ಕಣ್ಣಲ್ಲಿ ನೀರು. ದಿನಾ ಸಂಜೆಯ ಆ ಒಂದು ಗಂಟೆ ಬಿಟ್ಟರೆ ಆ ಹುಡುಗಿಗೆ ತನ್ನದು ಅನ್ನುವ ಹೊತ್ತೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ನೇರ ಮನೆಗೇ ಹೋದೆ.

ಅತ್ತೆ ಜಗಲಿಯ ಮೇಲೆ ಈರುಳ್ಳಿ ಆರಿಸುತ್ತಾ ಕೂತಿದ್ದರು. ಐವತ್ತರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ.

"ಮನೆ ಸೊಸೆ ಪರ ಊರಿಗೆ ಹೋದ್ರೆ ಜೊತೆಗೆ ಯಾರು?"

"ನಾನಿರ್ತೀನಲ್ಲಮ್ಮ."

ಅವರು ನನ್ನ ಬೂಟನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. "ಹಂಗಾದ್ರೆ ನಾನೇ ಬತ್ತೀನಿ. ನನ್ನ ಕಣ್ಣ ಮುಂದೆ ಇರ್ತಾಳೆ."

ನನ್ನ ತಲೆಯಲ್ಲಿ ದೀಪ ಹತ್ತಿತು. "ಬರೋದಾದ್ರೆ ಆಡೋಕೇ ಬನ್ನಿ, ನಮಗೂ ಒಬ್ಬರು ಕಮ್ಮಿ ಇದ್ದಾರೆ. ಆದ್ರೆ ನಿಮಗೆ ಓಡೋಕೆ, ಹಿಡಿಯೋಕೆ ಆಗುತ್ತಾ?"

ಅವರು ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟರು. "ಎಮ್ಮೆದೊಡ್ಡಿ ಕಡೇದು ನನ್ನ ತವರು. ದನ ಮೇಯೋ ಕಾವಲಲ್ಲಿ ಅಮೃತಮಹಲ್ ಕರುಗಳ ಹಿಂದೆ ಓಡಿ ಹಿಡಿದು ಬೆಳೆದೋಳು ನಾನು. ನಿಮ್ಮ ಹೆಂಗಸ್ರೇನು ಹಾಯ್ತಾರಾ, ಒದೀತಾರಾ?"

ಫೌಲು ಯಾರದು?

ಖೋ ಖೋ ಗೊತ್ತಿಲ್ಲದವರಿಗೆ ಒಂದು ಮಾತು. ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾಳೆ, ಆದರೆ ಸಾಲು ದಾಟುವ ಹಾಗಿಲ್ಲ. ಸುಸ್ತಾದರೆ, ಇಲ್ಲವೇ ಎದುರಾಳಿ ಸಾಲಿನ ಆ ಕಡೆಗೆ ನುಸುಳಿದರೆ, ಕೂತವಳ ಬೆನ್ನು ತಟ್ಟಿ "ಖೋ" ಅನ್ನಬೇಕು, ಆಗ ಅವಳು ಎದ್ದು ಓಡಬೇಕು, ತಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಖೋ ಸಿಗದೆ ಏಳುವ ಹಾಗಿಲ್ಲ.

ಕುಕ್ಕರಗಾಲಲ್ಲಿ ಕೂರುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ರಾಗಿ ಹೊಲದಲ್ಲಿ ದಿನವಿಡೀ ಹಾಗೇ ಕೂತು ಕಳೆ ಕಿತ್ತವರು, ಸೀರೆಯನ್ನೂ ಹಾಗೇ ಎತ್ತಿ ಸಿಕ್ಕಿಸಿಕೊಂಡರು. ತೊಂದರೆಯೆಲ್ಲ ಮುಖದ್ದು. ಈ ಆಟದಲ್ಲಿ ಒಬ್ಬಳು ಈ ಕಡೆ, ಪಕ್ಕದವಳು ಆ ಕಡೆ ಮುಖ ಮಾಡಿ ಕೂರಬೇಕು. "ಹಿಂಗೆ ಕೂತ್ರೆ ಮಾತಾಡದೆಂಗ್ರೀ?" ಅಂತ ಒಬ್ಬಳು ಕೇಳಿಯೇಬಿಟ್ಟಳು. ನಾನು ಅತ್ತ ತಿರುಗುವುದೇ ತಡ, ಎಲ್ಲರೂ ಜೋಡಿ ಜೋಡಿಯಾಗಿ ಎದುರುಬದುರಾಗಿ ಕೂತುಬಿಡುತ್ತಿದ್ದರು.

ಅದಕ್ಕಿಂತ ದೊಡ್ಡದು ಅಂಗಳದ ಪಕ್ಕದ ದಾರಿ. ಹಿರಿಯರು ಯಾರಾದರೂ ಹಾದುಹೋದರೆ ಸೊಸೆಯಂದಿರು ಕೂತಿರುವ ಹಾಗಿಲ್ಲ. ಆಟ ರಂಗೇರಿರುವಾಗಲೇ ಒಬ್ಬ ಯಜಮಾನರು ಕೆಮ್ಮುತ್ತಾ ಬರುವರು, ನನ್ನ ಇಡೀ ಸಾಲು ದಡಕ್ಕನೆ ಎದ್ದು ತಲೆಗೆ ಸೆರಗು ಹೊದ್ದು ನಿಲ್ಲುವುದು. ಅವರು "ಕೂತ್ಕಳ್ರಮ್ಮ ಕೂತ್ಕಳ್ರಿ" ಅಂದ ಮೇಲೆಯೇ ಕೂರುವುದು. ಹೆಂಗಸರು ಆಡುತ್ತಾರಂತೆ ಅಂತ ಸುದ್ದಿ ಹಬ್ಬಿದ್ದೇ, ಊರಿನ ಎಲ್ಲ ಯಜಮಾನರಿಗೂ ಅದೇ ದಾರಿಯಲ್ಲಿ ಕೆಲಸ ಬರತೊಡಗಿತು.

ಒಂದು ದಿನ ನನಗೆ ರೇಗಿಹೋಯಿತು. ಎಲ್ಲರೂ ಎದ್ದ ಕೂಡಲೇ ಉಸಿರು ಕಟ್ಟಿ ಸೀಟಿ ಊದಿದೆ. "ಫೌಲ್!"

ಸಾಲಿನಿಂದ ಕ್ಯಾಪ್ಟನ್ ಸೊಸೆ ಮೆಲ್ಲಗೆ ಕೇಳಿದಳು, "ಯಾರ್ದು ಟೀಚರಮ್ಮ?"

"ಯಜಮಾನ್ರದ್ದು!" ಅಂತ ದಾರಿಯ ಕಡೆ ಕೈ ತೋರಿಸಿದೆ. ಆ ದೊಡ್ಡ ಮನುಷ್ಯರು ಗಾಬರಿಯಾಗಿ ಚಪ್ಪಲಿ ಕೈಗೆತ್ತಿಕೊಂಡು ಹಿಂದಕ್ಕೆ ನಡೆದರು. ಫೌಲ್ ಅಂದರೆ ಏನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ದಂಡವೇನಾದರೂ ಬಿದ್ದೀತು ಅಂತ ಹೆದರಿ ಯಜಮಾನರೆಲ್ಲ ಅಂದಿನಿಂದ ಕೆರೆ ಏರಿ ಸುತ್ತಿ ಓಡಾಡತೊಡಗಿದರು.

ಏಳ್ತೀರಾ ಅತ್ತೆ?

ಯಜಮಾನರನ್ನು ಗೆದ್ದೆ, ಅತ್ತೆ ಸೊಸೆಯನ್ನು ಗೆಲ್ಲಲಾಗಲಿಲ್ಲ. ಈ ಆಟದಲ್ಲಿ ಕೂತವರ ಜಾಗ ಬದಲಾಗುತ್ತಲೇ ಇರುತ್ತದೆ. ಎಲ್ಲಿ ಕೂರಿಸಿದರೂ ಸುತ್ತಿ ಬಳಸಿ ಸೊಸೆ ಬಂದು ಅತ್ತೆಯ ಬೆನ್ನ ಹಿಂದೆಯೇ ನಿಲ್ಲುತ್ತಿದ್ದಳು. ಬೆನ್ನು ತಟ್ಟಬೇಕು. ಅತ್ತೆಯ ಬೆನ್ನನ್ನು ಸೊಸೆ ತಟ್ಟುವುದುಂಟೇ! ಎರಡು ಬೆರಳಲ್ಲಿ ಹೂ ಮುಟ್ಟಿದ ಹಾಗೆ ಮುಟ್ಟಿ, ಬಗ್ಗಿ, "ಖೋ ಅತ್ತೆ… ಏಳ್ತೀರಾ?" ಅನ್ನುತ್ತಿದ್ದಳು.

ಅತ್ತೆ ನಿಧಾನಕ್ಕೆ ತಿರುಗಿ, "ತಡಿಯೇ, ಸೆರಗು ಸಿಕ್ಕಿಸ್ಕಂತೀನಿ" ಅನ್ನುವರು. ಅಷ್ಟರಲ್ಲಿ ಎದುರಾಳಿಯಾಗಿ ಓಡುತ್ತಿದ್ದ ಶಾಲೆಯ ಹುಡುಗಿ ನೀರು ಕುಡಿದು ಬಂದಿರುತ್ತಿದ್ದಳು.

"ಜೋರಾಗಿ ತಟ್ಟೇ! ಕೂಗಿ ಹೇಳೇ!" ಅಂತ ನಾನು ಗಂಟಲು ಹರಿದುಕೊಂಡೆ.

ಸೊಸೆ ಕೈ ಮುಗಿದಳು. "ಟೀಚರಮ್ಮ, ನೀವು ಸಂಜೆ ನಿಮ್ಮ ಮನೆಗೆ ಹೋಗ್ತೀರಿ. ನಾನು ಅವ್ರ ಮನೆಗೇ ಹೋಗ್ಬೇಕು."

ಗಂಡಸರು ಎಲ್ಲಿ?

ತರೀಕೆರೆಗೆ ಹೊರಟ ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ನಾವೇ. ಬುತ್ತಿಯ ಗಂಟು, ಹಾಡು, ಕೇಕೆ. ಹಿಂದೆ ಮುಂದೆ ನೋಡಿದ ಕಂಡಕ್ಟರ್ ಹುಬ್ಬುಗಂಟಿಕ್ಕಿದ.

"ಅಲ್ರೀ, ಇಷ್ಟು ಜನ ಹೆಂಗಸ್ರು ಹೊಂಟಿದ್ದೀರಿ, ಜೊತೇಲಿ ಗಂಡಸ್ರು ಯಾರೂ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಯಾಕಿಲ್ಲಪ್ಪ? ನೀನಿದ್ದೀಯ, ಡ್ರೈವರಪ್ಪ ಇದ್ದಾನೆ. ಇಬ್ರು ಸಾಕು, ಜಾಸ್ತಿ ಇದ್ರೆ ನೋಡ್ಕಳದು ಕಷ್ಟ."

ಟಾಸು

ತರೀಕೆರೆಯ ಮೈದಾನಕ್ಕೆ ಬಂದದ್ದು ಎರಡೇ ತಂಡ, ನಾವು ಮತ್ತು ಕಡೂರಿನವರು. ನನ್ನ ಊರಿನವರೇ ಎದುರಾಳಿಗಳು! ಇದೊಂದೇ ಪಂದ್ಯ, ಇದರಲ್ಲಿ ಸೋತರೆ ಮೈದಾನ ಹಪ್ಪಳದ ಪಾಲು. ಜನ ಮಾತ್ರ ಮರದ ಮೇಲೂ ಹತ್ತಿ ಕೂತಿದ್ದರು.

ಅಂಪೈರ್ ಅಲ್ಲಿನ ಡ್ರಿಲ್ ಮಾಸ್ತರರು. "ಕ್ಯಾಪ್ಟನ್ ಬನ್ನಿ" ಅಂದರು. ಸೊಸೆ ಹೋದಳು. ಹಿಂದೆಯೇ ಅತ್ತೆಯೂ ಹೋದರು.

"ಕ್ಯಾಪ್ಟನ್ ಯಾರಮ್ಮ?"

"ಇವಳು. ನಾನು ಇವಳತ್ತೆ" ಅಂತ ಅತ್ತೆ ಅಂದರು.

ಮಾಸ್ತರರು ನಾಣ್ಯ ಚಿಮ್ಮಿ, ಯಾವುದು ಬೇಕು ಅಂತ ಕೇಳಿದರು. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಯೋಚನೆ ಮಾಡತೊಡಗಿದರು. ಕಡೂರಿನ ಕ್ಯಾಪ್ಟನ್ ಇದನ್ನೆಲ್ಲ ಗಮನವಿಟ್ಟು ನೋಡಿದಳು. ಇದೂ ಆಟದ ನಿಯಮವೇ ಇರಬೇಕು ಅಂದುಕೊಂಡು, ಓಡಿಹೋಗಿ ಜನರ ಮಧ್ಯದಿಂದ ತನ್ನ ಅತ್ತೆಯನ್ನೂ ಕರೆದುಕೊಂಡು ಬಂದಳು.

ಖೋ!

ಆಟ ಸಮಸಮವಾಗಿ ನಡೆಯಿತು. ನಮ್ಮ ಸೊಸೆ ಮಿಂಚಿನ ಹಾಗೆ ಓಡಿದಳು, ಆದರೆ ಅತ್ತೆಯ ಹಿಂದೆ ಬಂದಾಗಲೆಲ್ಲ ಅದೇ ಎರಡು ಬೆರಳು, ಅದೇ ಪಿಸುಮಾತು. "ಫೌಲ್! ಖೋ ಕೇಳಿಸಲಿಲ್ಲ!" ಅಂತ ಮಾಸ್ತರರು ಕೂಗುವರು. ನಾನು ಗೆರೆಯ ಆಚೆ ತಲೆ ಚಚ್ಚಿಕೊಳ್ಳುತ್ತಾ ಓಡಾಡುತ್ತಿದ್ದೆ. ಒಂದು ಬೂಟು ಎಲ್ಲಿ ಕಳಚಿತೋ ಗೊತ್ತಿಲ್ಲ.

ಕೊನೆಗೆ ಕಡೂರಿನವರಲ್ಲಿ ಉಳಿದವಳು ಒಬ್ಬಳೇ, ಉದ್ದ ಜಡೆಯವಳು. ಅವಳು ಔಟಾದರೆ ನಾವು ಗೆದ್ದೆವು. ಇಲ್ಲದಿದ್ದರೆ ಮುಗಿಯಿತು. ಮಾಸ್ತರರು ಗಡಿಯಾರ ನೋಡುತ್ತಾ ಸೀಟಿ ಬಾಯಿಗಿಟ್ಟುಕೊಂಡರು. ಸೊಸೆ ಬೆನ್ನಟ್ಟಿದಳು, ಇನ್ನೇನು ಕೈಗೆ ಸಿಗಬೇಕು, ಜಡೆಯವಳು ಸಾಲಿನ ನಡುವೆ ನುಸುಳಿ ಆ ಕಡೆಗೆ ಹಾರಿಬಿಟ್ಟಳು. ಸರಿಯಾಗಿ ಅತ್ತೆಯ ಮೂಗಿನ ಮುಂದೆ! ಸೊಸೆ ನಿಂತದ್ದು ಅತ್ತೆಯ ಬೆನ್ನ ಹಿಂದೆ.

ಒಂದು ಗಳಿಗೆ ಅವಳು ನನ್ನ ಕಡೆ ನೋಡಿದಳು. ಅವಳ ಕೈ ಭುಜಕ್ಕಿಂತ ಮೇಲೆ ಹೋಯಿತು.

"ಖೋ!"

ಆ ಏಟಿನ ಸದ್ದಿಗೆ ಮರದ ಮೇಲೆ ಕೂತವರೂ ಬೆಚ್ಚಿಬಿದ್ದರು. ಅತ್ತೆಗೆ ಸೆರಗು ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. ಬಿಲ್ಲು ಬಿಟ್ಟ ಬಾಣವಾಗಿ ಹಾರಿದರು. "ಹೋ… ಹೋ… ಹೋ" ಅಂತ ಕಾವಲಿನ ಕರುವನ್ನು ಅಡ್ಡಗಟ್ಟುವ ಹಾಗೆ ಎರಡೂ ಕೈ ಚಾಚಿ ಜಡೆಯವಳನ್ನು ತಬ್ಬಿ ಹಿಡಿದರು. ಸೀಟಿ ಕೂಗಿತು. ಗೆದ್ದುಬಿಟ್ಟೆವು! ನಾನು ಒಂದೇ ಬೂಟಿನಲ್ಲಿ ಕುಣಿದೆ, ಅಳುವೂ ಬಂತು, ಯಾಕೋ ಗೊತ್ತಿಲ್ಲ.

ಅತ್ತೆ ಮಾತ್ರ ಹಿಡಿದವಳನ್ನು ಬಿಟ್ಟಿರಲಿಲ್ಲ. ಮಾಸ್ತರರು ಬಂದು, "ಬಿಡಮ್ಮ, ಆಟ ಮುಗೀತು" ಅಂದರು.

"ಬಿಟ್ರೆ ಓಡ್ತಾಳೆ!" ಅಂದರು ಅತ್ತೆ.

ವಾಪಸು ಬರುವ ಬಸ್ಸಿನಲ್ಲಿ ಹಾಡಿಲ್ಲ, ಕೇಕೆಯಿಲ್ಲ. ಅತ್ತೆ ಸೀಟಿಗೆ ಬೆನ್ನು ತಾಗಿಸದೆ ನೆಟ್ಟಗೆ ಕೂತಿದ್ದರು. ಗೆದ್ದ ಕ್ಯಾಪ್ಟನ್ ಬಿಳಿಚಿಕೊಂಡಿದ್ದಳು. "ಕೈ ಜೋರಾಯ್ತು ಅತ್ತೆ, ತಪ್ಪಾಯ್ತು" ಅಂತ ಎಷ್ಟು ಸಲ ಅಂದರೂ ಅತ್ತೆ ಕಿಟಕಿಯಾಚೆಗೇ ನೋಡುತ್ತಿದ್ದರು. ಇವಳನ್ನು ಇನ್ನು ಆಟಕ್ಕೆ ಬಿಟ್ಟ ಹಾಗೇ ಅಂದುಕೊಂಡೆ. ಊರು ಹತ್ತಿರವಾದಾಗ ಅತ್ತೆ ನನ್ನ ಕಡೆ ತಿರುಗಿದರು.

"ಟೀಚರಮ್ಮ, ಅದು ಆಟದ ಏಟಲ್ಲ ಕಣ್ರೀ. ನಮ್ಮನೆ ತುಂಬಿದಾಗ್ಲಿಂದ ಕೂಡಿಟ್ಕಂಡಿದ್ದು ಅದು!"

ಅಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಸೊಸೆ ಅಳುತ್ತಲೇ ನಕ್ಕಳು. ಕಂಡಕ್ಟರನೂ ನಕ್ಕ, ಡ್ರೈವರಪ್ಪ ನಗು ತಡೆಯಲಾರದೆ ಬಸ್ಸನ್ನೇ ನಿಲ್ಲಿಸಿದ.

ಬಸ್ಸಿಳಿಯುವ ಕಡೆ ಚೇರ್ಮನ್ನರು ನಿಂತಿದ್ದರು. "ಗೆದ್ರೇನ್ರಮ್ಮ?" ಅಂತ ಕೇಳಿದರು. ಅತ್ತೆ ಅವರಿಗೆ ಬೆನ್ನು ತಿರುಗಿಸಿ, "ಪುಕ್ಕಟೆ ಗೆಲ್ಲಲಿಲ್ಲ ಗೌಡ್ರೆ, ಇನ್ನೂ ಉರೀತೈತೆ" ಅಂದರು. ಚೇರ್ಮನ್ನರು ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮೈದಾನ ನಮ್ಮದಾದ ಮೊದಲ ಸಂಜೆ ನಾನು ಬೇಗನೇ ಹೋದೆ. ಆಗಲೇ ಅಲ್ಲಿ ಒಬ್ಬರು ಸೀರೆ ಎತ್ತಿ ಸಿಕ್ಕಿಸಿ, ಅಂಗೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಅತ್ತೆ! ಅಷ್ಟು ಹೊತ್ತಿಗೆ ದೂರದಲ್ಲಿ ಸೊಸೆಯೂ ಓಡಿ ಬರುತ್ತಿದ್ದಳು.

"ಟೀಚರಮ್ಮ" ಅಂದರು ಅತ್ತೆ, "ಇವತ್ತು ಅವಳನ್ನ ಕೂರ್ಸಿ. ಖೋ ನಾನು ಕೊಡ್ತೀನಿ."