ಸಾಹೇಬ್ರಿಗೆ ಏಳು, ನಮಗೆಲ್ಲ ಐದು

ಕಂಪ್ಯೂಟರ್ ಕೆಟ್ರ ರಿಪೇರಿ ಮಾಡಬಹುದು, ಅದನ್ನ ನಂಬದ ಮಂದೀನ ಏನು ಮಾಡ್ತೀರಿ? ಸಿಂಧನೂರಿನ ಒಂದು ಕಾಲೇಜಿನಾಗ ನಾ ಕಂಪ್ಯೂಟರ್ ಕಲಿಸೋ ಅತಿಥಿ ಉಪನ್ಯಾಸಕಿ. ಮಸ್ಕಿಯಿಂದ ದಿನಾ ಬಸ್ಸಿಗೆ ಬರ್ತೀನಿ, ದಿನಾ ಇಂಥಾದ್ದೊಂದು ನಡದಾ ನಡೀತೈತಿ. ಆದ್ರ ಈ ಸಲ ನಗೋ ಧೈರ್ಯ ನನಗಿರಲಿಲ್ಲ. ಪ್ರಿನ್ಸಿಪಾಲ್ರು ಕರದು ಹೇಳಿದ್ರು: "ತಪಾಸಣಾ ತಂಡ ಬರ್ತೈತಿ. ಅಷ್ಟ್ರಾಗ ಕಾಲೇಜಿನ ವೆಬ್‌ಸೈಟು ನಮ್ಮ ಯುನಿಕ್ಸ್ ಸರ್ವರಿನ್ಯಾಗ ತೆರೀಬೇಕು. ತೆರೀಲಿಲ್ಲಂದ್ರ ಮುಂದಿನ ವರ್ಷ ನೀವು ಬಸ್ ಹತ್ತೋದು ಬ್ಯಾಡ."

೧. ಯಾರಿಗೆ ಎಷ್ಟು?

ಸರ್ವರಿನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಅಕೌಂಟು, ಅದರೊಳಗ ಹೊರಗಿನವರಿಗೆ ಕಾಣೋ ಒಂದು ಫೋಲ್ಡರು. ಯಾರು ಏನು ಮಾಡಬಹುದು ಅನ್ನೋದಕ್ಕ ಅಂಕಿ ಇರ್ತಾವ. ಓದಾಕ ನಾಕು, ಬರಿಯಾಕ ಎರಡು, ಒಳಗ ಹೋಗಾಕ ಒಂದು. ಮಾಲಕರಿಗೆ ಎಲ್ಲಾ ಕೂಡಿ ಏಳು. ಉಳಿದವರು, ಅವರ ಗುಂಪಿನವರಾಗಲಿ ಹೊರಗಿನವರಾಗಲಿ, ಬರೀ ನೋಡೋರು, ಅವರಿಗೆ ನಾಕು ಒಂದು ಕೂಡಿ ಐದೈದು.

ಇದನ್ನ ಸ್ಟಾಫ್ ಮೀಟಿಂಗಿನಾಗ ಹೇಳಿದ್ದ ತಪ್ಪಾತು. ನಮ್ಮ ಆಫೀಸ್ ಸುಪ್ರಿಂಟೆಂಡೆಂಟ್ ಸಾಹೇಬ್ರು ಲಿಂಗಸುಗೂರಿನವ್ರು, ಮೂವತ್ತು ವರ್ಷದ ನೌಕರಿ. ಎದ್ದು ನಿಂತ್ರು.

"ನನಗೆಷ್ಟ್ರೀ ಮೇಡಂ?"

"ಐದ್ರಿ ಸರ್."

"ಜವಾನಗ?"

"ಅವಗೂ ಐದ್ರಿ."

"ಮೂವತ್ತು ವರ್ಷ ದುಡದು ನಾ ಜವಾನನ ಸಮ ಆದ್ನೇನ್ರಿ?"

ಮುಖ ಕೆಂಪಗಾತು. ಎರಡು ದಿನ ನನ್ನ ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಕಡೀಕ ಕಾಲೇಜಿನ ಸೈಟನ್ನ ಅವರ ಅಕೌಂಟಿನಾಗ ಇಟ್ಟು ಅವರನ್ನ ಮಾಲಕರ ಮಾಡಿದೆ. ಅಂಕಿ ಬದಲಿ ಮಾಡೋದನ್ನೂ ಕಲಿಸಿದೆ. ಏಳು ಬಂತು, ಸಹಿನೂ ಬಂತು. ಜವಾನಗ ಬ್ಯಾಸರ ಆಗಿರಬೇಕಂತ ಕೇಳಿದ್ರ ಅಂವ ಕೈ ಮುಗದ. "ಏಳು ಇದ್ದವ್ರು ಬರೀಬೇಕಲ್ರೀ? ನನಗ ಐದಾ ಇರಲ್ರಿ ಮೇಡಂ, ನೋಡಿಕೋಂತ ಕುಂಡ್ರತೀನಿ."

೨. ಅಂಗಳ, ಹಿತ್ತಲ

ಇತಿಹಾಸದ ಮೇಡಮ್ಮಾರು ತಮ್ಮ ಅಕೌಂಟಿನಾಗ ಮಸ್ಕಿ ಶಾಸನದ ಫೋಟೋ ಎಲ್ಲಾ ಹಾಕಿದ್ರು, ಒಂದೂ ಕಾಣವಲ್ದು. ತಂಡ ಬರಾಕ ಮೂರು ದಿನ ಉಳದೈತಿ, ನನಗ ಊಟ ಸೇರವಲ್ದು. ನೋಡಿದ್ರ ಒಳಗಿನ ಫೋಲ್ಡರ್ ತೆರೆದಿಟ್ಟಾರ, ಮ್ಯಾಲಿನ ಅಕೌಂಟಿಗೆ ಚಿಲಕ ಹಾಕ್ಯಾರ.

"ಅಕ್ಕಾರ, ತಲಬಾಗಲಾ ಹಾಕಿ ಹಿತ್ತಲದಾಗ ಹಪ್ಪಳ ಒಣಗಿಸೀನಿ ಬಂದು ನೋಡ್ರಿ ಅಂದ್ರ ಹೆಂಗ? ಅಂಗಳಕ್ಕ ಒಂದು ಅನ್ನೋ ಅಂಕಿ ಕೊಡ್ರಿ. ಮಂದಿ ಹಾದು ಹೋಗ್ತಾರ, ಮನ್ಯಾಗ ಏನೈತಿ ಅಂತ ಇಣುಕಾಕ ಆಗೂದಿಲ್ಲ."

ಅವರು ಕನ್ನಡಕ ತೆಗದು ನನ್ನಾ ನೋಡಿದ್ರು. "ಹಾದು ಹೋಗ್ತಾರ, ಆದ್ರ ಇಣುಕೂದಿಲ್ಲ? ಅಂಥಾ ಮಂದಿ ನಮ್ಮ ಓಣ್ಯಾಗ ಒಬ್ಬರೂ ಇಲ್ಲ ಬಿಡವ್ವಾ."

೩. ತಪಾಸಣಿ ದಿನ

ಹಿಂದಿನ ದಿನ ಸಂಜಿಕ ಎಲ್ಲಾ ತೆರೆದು ನೋಡಿ, ದೇವರಿಗೆ ಕೈ ಮುಗದು ಬಸ್ ಹತ್ತಿದ್ದೆ. ಮರುದಿನ ಹತ್ತೂವರಿಗೆ ಬಂದು ಸೈಟ್ ಒತ್ತತೀನಿ, "ನಿಮಗೆ ಅನುಮತಿ ಇಲ್ಲ" ಅಂತ ಬಂತು! ಯಾರೋ ಸೈಟಿನ ಫೋಲ್ಡರಿಗೆ ಮಾಲಕರಿಗೆ ಏಳು ಬಿಟ್ಟು ಉಳಿದವರಿಗೆಲ್ಲ ಸೊನ್ನಿ ಹಾಕ್ಯಾರ. ಸರ್ವರಿನ ದೊಡ್ಡ ಪಾಸ್‌ವರ್ಡ್ ಇದ್ರ ಒಂದ ನಿಮಿಷದ ಕೆಲಸ. ಕೆಲಸ ಇದ್ದಾಗಷ್ಟಾ ಸಾಹೇಬ್ರು ಅದನ್ನ ತೆಗದು ಕೊಡೋರು. ಅದು ಲಕೋಟಿಯೊಳಗ, ಲಕೋಟಿ ಕಪಾಟಿನಾಗ, ಕಪಾಟಿನ ಕೀಲಿ ಸಾಹೇಬ್ರ ಕಿಸೇದಾಗ. ಸಾಹೇಬ್ರು ಎಲ್ಲಿ? ಹಾರ ಹಿಡ್ಕೊಂಡು ಗೇಟಿನಾಗ!

ಓಡಿದೆ. ನಾ ಗೇಟ್ ಮುಟ್ಟೂದ್ರಾಗ ತಂಡದ ಕಾರು ಒಳಗ ಬಂತು. ಎಲ್ಲಾರೂ ಪ್ರಿನ್ಸಿಪಾಲ್ರ ಚೇಂಬರಿಗೆ ಹ್ವಾದ್ರು. ತಂಡದ ಅಧ್ಯಕ್ಷರು ಕುಂತವರಾ ಸೈಟ್ ತೆರದ್ರು. ಅನುಮತಿ ಇಲ್ಲ. ಪ್ರಿನ್ಸಿಪಾಲ್ರು ನನ್ನ ಕಡೆ ನೋಡಿದ ನೋಟದಾಗ ನನ್ನ ಮುಂದಿನ ವರ್ಷ ಮುಗದು ಹೋಗಿತ್ತು. ಕಣ್ಣಾಗ ನೀರು ಬಂದ್ವು.

"ಇದನ್ನ ಮುಚ್ಚಿದವರು ಯಾರು?" ಅಂದ್ರು ಅಧ್ಯಕ್ಷರು.

"ನಾನಾ ಸರ್." ಸಾಹೇಬ್ರು ಎದಿ ಸೆಟಸಿ ನಿಂತಿದ್ರು. "ಮೂವತ್ತು ವರ್ಷದಾಗ ಭಾಳ ತಪಾಸಣಿ ನೋಡೀನ್ರಿ. ತಪಾಸಣಿ ದಿನ ಯಾವ ದಫ್ತರಾನೂ ತೆರೆದಿಡಬಾರದು. ಕೇಳಿದ್ದಷ್ಟಾ ತೆಗದು ತೋರಸಬೇಕು."

"ಆಯ್ತು, ನಾನು ಕೇಳ್ತಿದೀನಿ. ತೆಗೀರಿ."

"ಲಿಖಿತದಾಗ ಕೊಡ್ರಿ ಸರ್."

ಅಧ್ಯಕ್ಷರು ಅವರನ್ನೊಮ್ಮೆ ನೋಡಿ, ಒಂದು ಬಿಳಿ ಹಾಳಿ ತಗೊಂಡು ಅರ್ಜಿ ಬರದ್ರು. ಸಾಹೇಬ್ರು ಓದಿ ವಾಪಸ್ ಕೊಟ್ರು. "ತಾರೀಖು ಹಾಕಿಲ್ರಿ." ಹಾಕಿದ್ರು. ಆಮ್ಯಾಲ ಸಾಹೇಬ್ರು ಅರ್ಜಿ ಮ್ಯಾಲ ಠಸ್ಸಂತ ಆಫೀಸಿನ ಸಿಕ್ಕಾ ಹೊಡದು, ಒಂದಾ ಬೆರಳಿಲೆ ಏಳು, ಐದು, ಐದು ಒತ್ತಿದ್ರು. ಸೈಟ್ ತೆರೀತು!

ಅಧ್ಯಕ್ಷರು ಎಲ್ಲಾ ಪುಟ ನೋಡಿದ್ರು. "ಇವರಿಗೆ ಇದನ್ನ ಕಲಿಸಿದವರು ಯಾರು?" ಅಂತ ಕೇಳಿದ್ರು. ಎಲ್ಲಾರ ಬೆರಳೂ ನನ್ನ ಕಡೆ.

"ಪ್ರಿನ್ಸಿಪಾಲ್ರೇ, ಕೆಲಸ ಚೆನ್ನಾಗಿದೆ. ಈ ಮೇಡಂನ ಮುಂದಿನ ವರ್ಷಾನೂ ಬಿಡಬೇಡಿ."

ಪ್ರಿನ್ಸಿಪಾಲ್ರು ಹೂಂ ಅಂತ ತಲಿ ಆಡಿಸಿದ್ರು. ಸಾಹೇಬ್ರು ಮಾತ್ರ ಇನ್ನೊಂದು ಬಿಳಿ ಹಾಳಿ ಅಧ್ಯಕ್ಷರ ಮುಂದ ಸರಿಸಿದ್ರು.

"ಅದನ್ನೂ ಲಿಖಿತದಾಗ ಕೊಡ್ರಿ ಸರ್."