ಮೆಣಸಿನಕಾಯಿ ತೊಟ್ಟು ಬಿಡಿಸಿದ ಗಂಡಸು

ಮನೆಯಲ್ಲೇ ಕುಳಿತು ಸಂಪಾದಿಸುವುದು ಬಹಳ ಸುಲಭ. ಮೊಬೈಲಿನಲ್ಲಿ ದಿನಾ ಯಾರೋ ಒಬ್ಬ ನಗುತ್ತಾ ಹಾಗೆಂದು ಹೇಳುತ್ತಾನೆ. ಅವನ ಮನೆಯಲ್ಲಿ ಮಗು ಇರುವುದಿಲ್ಲ, ಒಲೆಯ ಮೇಲೆ ಹಾಲು ಇರುವುದಿಲ್ಲ, ಬುದ್ಧಿ ಹೇಳುವ ನೆಂಟರಂತೂ ಇರುವುದೇ ಇಲ್ಲ. ನನಗೆ ಇವೆಲ್ಲ ಇದ್ದವು. ಆದರೂ ನಂಬಿದೆ!

ನನ್ನ ಹೆಂಡತಿ ಸುಮಾ ಹಾವೇರಿಯಲ್ಲಿ ನರ್ಸ್ ಆಗಿದ್ದಳು. ಮಗಳು ಮೇಘಾ ಹುಟ್ಟಿದಾಗ, ಯಾರ ಪಗಾರ ಹೆಚ್ಚೋ ಅವರು ಹೊರಗೆ ದುಡಿಯುವುದು, ಇನ್ನೊಬ್ಬರು ಮನೆ ನೋಡಿಕೊಳ್ಳುವುದು ಎಂದು ತೀರ್ಮಾನಿಸಿದೆವು. ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ನಾನು ಬ್ಯಾಡಗಿಯ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಸೌಟು ಹಿಡಿದೆ.

ಹೋದ ಚಳಿಗಾಲದಲ್ಲಿ ಸುಮಾ ಜ್ವರ ಬಂದು ತೀರಿಕೊಂಡಳು. ನನಗೆ ದುಃಖವಾಗಿದೆ ಎಂದು ಎಲ್ಲರೂ ಹೇಳಿದರು. ನನಗೆ ಆದದ್ದು ಸಿಟ್ಟು. ಜ್ವರದ ಮೇಲೆ ಸಿಟ್ಟು, ಹಾಲು ಹಾಕುವವನ ಮೇಲೆ ಸಿಟ್ಟು, ಗೋಡೆಯ ಮೇಲೆ ನಗುವ ಅವಳ ಫೋಟೋದ ಮೇಲೂ ಸಿಟ್ಟು. ಊರವರ ಜ್ವರಕ್ಕೆಲ್ಲ ಮಾತ್ರೆ ಕೊಟ್ಟವಳು ತನ್ನ ಜ್ವರಕ್ಕೆ ಒಂದು ರಜೆ ಹಾಕಲಿಲ್ಲ!

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬರುವವರು ಹೊಸ್ತಿಲಲ್ಲೇ ಅಳು ತೆಗೆಯುತ್ತಾರೆ. ಒಳಗಿದ್ದವರು ಅದಕ್ಕೆ ಅಳುವಿನಲ್ಲೇ ಉತ್ತರ ಕೊಡಬೇಕು. ನನಗೆ ಅಳು ಬರಲಿಲ್ಲ. "ಹೆಂಡ್ತಿ ಸತ್ರೂ ಕಣ್ಣಾಗ ಒಂದ್ ಹನಿ ನೀರಿಲ್ಲ, ಕಲ್ಲಿನಂಥಾಂವ" ಎಂದು ನಾನು ಮಾಡಿಕೊಟ್ಟ ಚಹಾ ಕುಡಿಯುತ್ತಾ ಹೇಳಿ ಹೋದರು.

ಸುಮಾಳ ಸೋದರಮಾವ ಫಕ್ಕೀರಪ್ಪನದು ಬೇರೆಯೇ ರಾಗ. ಕೆಲವು ತಿಂಗಳ ಮೇಲೆ ರಾಣೆಬೆನ್ನೂರಿನಿಂದ ಫೋನ್ ಮಾಡಿದ.

"ಬಸವರಾಜ, ಗಂಡಸ ಮನ್ಯಾಗ ಕುಂತ್ರ ಕೂಸಿಗೆ ಅನ್ನ ಎಲ್ಲಿಂದ ಬರ್ತೈತಿ? ಐತವಾರ ನಿಮ್ಮತ್ತೀನ ಕರ್ಕೊಂಡ್ ಬರ್ತೇನಿ. ಮೇಘಾನ ಬಟ್ಟಿ ಕಟ್ಟಿಡು. ಇನ್ನ ಆಕಿ ನಮ್ಮಲ್ಲೇ ಇರ್ಲಿ."

ಮಗಳನ್ನು ಕೊಡುವುದಿಲ್ಲ! ಆದರೆ ಕೊಡುವುದಿಲ್ಲ ಎನ್ನಲು ಕೈಯಲ್ಲಿ ಒಂದು ಕೆಲಸ ಬೇಕಿತ್ತು. ಅಂಗಡಿಗೆ ಹೋದರೆ ಮಗುವನ್ನು ನೋಡುವವರಿಲ್ಲ. ಕೊನೆಗೆ ಪಕ್ಕದ ಮನೆಯ ಶಂಕ್ರಕ್ಕನ ಬಳಿ ಹೋದೆ. ಆಕೆ ದಲಾಲಿ ಅಂಗಡಿಯಿಂದ ಒಣಮೆಣಸಿನಕಾಯಿ ಚೀಲ ತರಿಸಿಕೊಂಡು ಮನೆಯಲ್ಲೇ ತೊಟ್ಟು ಬಿಡಿಸುತ್ತಾರೆ.

"ಅದು ಹೆಣ್ಮಕ್ಕಳ ಕೆಲಸ ಬಸಣ್ಣ" ಎಂದರು.

"ಅಡಗೀನೂ ಹೆಣ್ಮಕ್ಕಳ ಕೆಲಸ ಅಂತಿದ್ರಿ. ಮೊನ್ನೆ ಹಬ್ಬಕ್ಕ ನನ್ನ ಕಡೆ ಹೋಳಿಗಿ ಮಾಡಿಸ್ಕೊಂಡ ಹೋದೋರು ಯಾರು?"

ಶಂಕ್ರಕ್ಕ ನಕ್ಕರು. "ಆತು ಮಾರಾಯ, ಎರಡ್ ಚೀಲ ಕಳಸ್ತೇನಿ. ಮೊದಲ ಒಂಚೂರು ನೀರ ಚಿಮುಕ್ಸು, ಇಲ್ಲಂದ್ರ ಕಾಯಿ ಮುರೀತಾವ. ಮಾರಿಗೆ ಅರಿವಿ ಕಟ್ಗೋ. ಫ್ಯಾನ್ ಮಾತ್ರ ಹಚ್ಚಬ್ಯಾಡ."

"ನಾ ಬ್ಯಾಡಗ್ಯಾಗ ಹುಟ್ಟಿದಾಂವ ಅಕ್ಕಾ. ನನಗ ಮೆಣಸಿನಕಾಯಿ ಕಲಸ್ತೀರೇನು?"

ಭಾನುವಾರ ಬೆಳಿಗ್ಗೆ ಮೇಘಾಳನ್ನು ಶಂಕ್ರಕ್ಕನ ಮನೆಗೆ ಆಡಲು ಕಳಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಪಡಸಾಲೆಯ ನಡುವೆ ಎರಡೂ ಚೀಲ ಸುರಿದು ಕುಳಿತೆ. ನೀರು ಚಿಮುಕಿಸಲಿಲ್ಲ. ತೂಕ ಹೆಚ್ಚಿಸಲು ವ್ಯಾಪಾರಸ್ಥರು ಮಾಡುವ ಮೋಸ ಅದು, ಪ್ರಾಮಾಣಿಕನಾದ ನನ್ನಿಂದ ಸಾಧ್ಯವಿಲ್ಲ! ಮುಖಕ್ಕೆ ಬಟ್ಟೆಯನ್ನೂ ಕಟ್ಟಲಿಲ್ಲ. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಅದಕ್ಕೆ ಹೆದರುವವನು ಬ್ಯಾಡಗಿಯವನೇ ಅಲ್ಲ.

ಕಾಯಿಗಳು ಚಟಚಟ ಮುರಿದವು. ಬೀಜ ಚೆಲ್ಲಿತು, ಕೆಂಪು ಪುಡಿ ಹಾರಿತು. ಸ್ವಲ್ಪ ಹೊತ್ತಿನಲ್ಲಿ ಕೈ ಉರಿಯತೊಡಗಿತು. ಬೆವರು ಬಂತೆಂದು ಅದೇ ಕೈಯಿಂದ ಮುಖ ಒರೆಸಿಕೊಂಡೆ. ಮುಖಕ್ಕೂ ಬೆಂಕಿ ಬಿತ್ತು. ಗಾಳಿಯಾದರೂ ಬರಲಿ ಎಂದು ಎದ್ದು ಫ್ಯಾನ್ ಹಾಕಿದೆ.

ಆ ಕ್ಷಣದಲ್ಲೇ ಅತ್ತೆ ಮತ್ತು ಫಕ್ಕೀರಪ್ಪ ಹೊಸ್ತಿಲು ದಾಟಿದರು.

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, "ಎಲ್ಲಿ ಹೋದ್ಯವ್ವಾ ನನ್ ಸುಮಾ..." ಎಂದು ಅಳು ತೆಗೆದರು. ಮುಂದಿನ ಮಾತು ಬರಲಿಲ್ಲ, ಕೆಮ್ಮು ಬಂತು. ನನ್ನ ಕಣ್ಣು ಮೂಗಿನಿಂದ ಧಾರಾಕಾರ ನೀರು. ಫಕ್ಕೀರಪ್ಪ ಓಡಿ ಬಂದು ನನ್ನನ್ನು ಅಪ್ಪಿಕೊಂಡ.

"ಅಳು ಬಸವರಾಜ, ಅಳು! ಇಷ್ಟ್ ದಿನ ಹೊಟ್ಟ್ಯಾಗ ಇಟ್ಗೊಂಡಿದ್ದಿ. ಅಕ್ಕಾ, ನೋಡಿಲ್ಲೆ, ಕಲ್ಲ ಕರಗೇತಿ!"

"ಫ್ಯಾನ್... ಫ್ಯಾನ್..." ಎಂದು ಮೇಲೆ ಕೈ ತೋರಿಸಿದೆ.

"ಉಸರ ಕಟ್ಟಾಕತ್ತೇತಿ, ಗಾಳಿ ಬೇಕಂತ!" ಎಂದವನೇ ಫಕ್ಕೀರಪ್ಪ ಫ್ಯಾನನ್ನು ಪೂರ್ತಿ ಜೋರು ಮಾಡಿದ!

ಅದಾದ ಮೇಲೆ ನಮ್ಮ ಮನೆಯಲ್ಲಿ ನಡೆದಂಥ ಶೋಕಾಚರಣೆ ಬ್ಯಾಡಗಿ ತಾಲೂಕಿನಲ್ಲಿ ಹಿಂದೆಂದೂ ನಡೆದಿರಲಿಕ್ಕಿಲ್ಲ. ಬುದ್ಧಿಮಾತು ಹೇಳಲು ಬಂದ ಫಕ್ಕೀರಪ್ಪ ಬಾಯಿ ತೆರೆದಾಗಲೆಲ್ಲ ಸೀನಿದ. ಓಣಿಯವರು ಬಾಗಿಲಿಗೆ ಬಂದು, ಸುಮಾಳ ಮೇಲೆ ಇವರಿಗೆಲ್ಲ ಎಂಥ ಪ್ರೀತಿ ಎಂದು ನೋಡುತ್ತಾ ನಿಂತು, ಅವರೂ ಅಳತೊಡಗಿದರು.

ಕೊನೆಗೆ ಶಂಕ್ರಕ್ಕ ಮುಖಕ್ಕೆ ಸೆರಗು ಒತ್ತಿಕೊಂಡು ನುಗ್ಗಿ ಫ್ಯಾನ್ ಆರಿಸಿದರು. ಒಂದು ಕಾಯಿ ಎತ್ತಿ ನೋಡಿದರು.

"ಯಪ್ಪಾ, ಇದು ನಮ್ಮ ಕಾಯಿ ಅಲ್ಲೋ, ಗುಂಟೂರಿಂದು! ಚೀಲ ಅದಲಬದಲ ಆಗ್ಯಾವ. ಬ್ಯಾಡಗ್ಯಾಗ ಹುಟ್ಟಿದಾಂವ ಅಂದಿ, ಮಾರಿ ನೋಡಿ ಗುರುತ ಹಿಡೀಲಿಲ್ಲೇನು?"

ಎಲ್ಲರೂ ಹಿತ್ತಿಲಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆವು. ಕೆಂಗಣ್ಣಿನ ಅತ್ತೆ ತೀರ್ಪು ಕೊಟ್ಟರು. "ಅಳಿಯಾರ, ಇಂಥಾ ಮನ್ಯಾಗ ನನ್ನ ಮೊಮ್ಮಗಳನ್ನ ಬಿಡಂಗಿಲ್ಲ."

ತಿಂಗಳುಗಟ್ಟಲೆ ನುಂಗಿದ ಸಿಟ್ಟು ಒಮ್ಮೆಲೇ ಹೊರಗೆ ಬಂತು.

"ಹುಟ್ಟಿದಾಗಿಂದ ಆಕಿಗೆ ತುತ್ತ ಇಟ್ಟಾಂವ ನಾನು! ಜಡಿ ಹಾಕಿದಾಂವ ನಾನು! ನಿಮ್ಮ ಮಗಳಿದ್ದಾಗ ಯಾರೂ ಒಂದ್ ಮಾತ ಕೇಳ್ಲಿಲ್ಲ. ಈಗ ಎಲ್ಲಾರಿಗೂ ಕೂಸಿನ ಚಿಂತಿ! ಸುಮಾ ಹೋದ್ಲು. ಇಕೀನೂ ಹೋದ್ರ, ನಾ ಮುಂಜಾನೆ ಎದ್ದ ಯಾರಿಗೆ ರೊಟ್ಟಿ ಮಾಡ್ಲಿ ಅತ್ತೀ?"

ಧ್ವನಿ ಒಡೆಯಿತು. "ಖಾರ ಇನ್ನೂ ಹೋಗಿಲ್ಲ" ಎಂದೆ. ಯಾರೂ ನಂಬಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ನೆಲದ ಮೇಲಿನ ಮುರಿದ ಕಾಯಿಗಳನ್ನು ನೋಡಿದರು.

"ಹಿಂಗ ಮಾಡಿದ್ರ ನಾಳಿಂದ ಯಾರ ಚೀಲ ಕೊಡ್ತಾರ ನಿಮಗ? ಫಕ್ಕೀರಾ, ನೀ ಬಸ್ ಹತ್ತು. ನಾ ಎರಡ್ ದಿನ ಬಿಟ್ಟ ಬರ್ತೇನಿ."

"ಮತ್ತ ಕೂಸು?"

"ಕೂಸು ಎಲ್ಲೈತಿ ಅಲ್ಲೇ ಇರ್ಲಿ."

ಅತ್ತೆ ಮುಖಕ್ಕೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಕುಳಿತರು. ಕೈ ಎಷ್ಟು ಚುರುಕೆಂದರೆ, ಸಂಜೆಯ ಹೊತ್ತಿಗೆ ಒಂದು ಚೀಲ ಮುಗಿದೇ ಹೋಗಿತ್ತು.

ಆ ಎರಡು ದಿನ ಇನ್ನೂ ಮುಗಿದಿಲ್ಲ. ಮಗಳು ನನ್ನ ಜೊತೆಗೇ ಇದ್ದಾಳೆ. ಜೊತೆಗೆ ಅತ್ತೆಯೂ ಇದ್ದಾರೆ! ನಮ್ಮ ಮನೆಯಲ್ಲಿ ಗೃಹೋದ್ಯೋಗ ಭರದಿಂದ ಸಾಗಿದೆ, ಚೀಲಗಳು ಬರುವುದು ಅತ್ತೆಯ ಹೆಸರಿಗೆ. ಅಂಗಡಿಯವರು ನನ್ನನ್ನು ಗುರುತಿಸುವುದು "ಆ ಅಮ್ಮಾರ ಅಳಿಯ" ಎಂದು. ಅಡುಗೆ ಮುಗಿಸಿದ ಮೇಲೆ ಉದುರಿದ ಬೀಜ ಗುಡಿಸುವ ಜವಾಬ್ದಾರಿಯನ್ನು ನನಗೆ ವಹಿಸಲಾಗಿದೆ. ನಾನು ಗುಡಿಸಿದ ಜಾಗವನ್ನು ಅತ್ತೆ ಮತ್ತೊಮ್ಮೆ ಗುಡಿಸುತ್ತಾರೆ. ನನಗೆ ವಿಪರೀತ ಸಿಟ್ಟು ಬರುತ್ತದೆ.

ಆದರೆ ಅವರ ಪೊರಕೆಗೆ ಪ್ರತಿ ಸಲವೂ ಒಂದು ಮುಷ್ಟಿ ಬೀಜ ಸಿಗುತ್ತದೆ!